ಉಂಗುರ ಸಂಚಿಯಲ್ಲಿರಲಿ

ಓದುಗರ ಪ್ರಶ್ನೆಗಳಿಗೆ ಬಾದಾಮಿಯಿಂದ ಉತ್ತರ

ಹೋದ ಸಂಚಿಕೆಯಲ್ಲಿ ನನ್ನ ಬಗ್ಗೆ ಅರ್ಧ ಪುಟದ ಪರಿಚಯ ಬಂದಿತ್ತು. ಬಾದಾಮಿಯ ಪತ್ತಾರ (ಅಕ್ಕಸಾಲಿ) ಮನೆಯ ಮಗಳು, ಬೆಳ್ಳಿ ಕೆಲಸ ಮಾಡುತ್ತಾಳೆ, ಬಿಡುವಾದಾಗ ಕಲ್ಲು ಹತ್ತುತ್ತಾಳೆ ಎಂದು. ‘ಬಿಡುವಾದಾಗ’ ಎಂಬುದನ್ನು ಓದಿ ನಮ್ಮ ಮನೆಯಲ್ಲಿ ಎಲ್ಲರೂ ನಕ್ಕರು. ನಮ್ಮವ್ವನಂತೂ ಎರಡು ಸಲ ಓದಿಸಿಕೊಂಡು ನಕ್ಕಳು. ಈಗ ಸಂಪಾದಕರು ಪತ್ರಗಳ ಕಟ್ಟೊಂದನ್ನು ಕಳಿಸಿ, ಇವಕ್ಕೆ ನೀವೇ ಉತ್ತರ ಬರೆಯಿರಿ ಎಂದಿದ್ದಾರೆ. ಒಂದೇ ಥರದ ಪ್ರಶ್ನೆಗಳನ್ನು ಕೂಡಿಸಿದ್ದೇನೆ. ಬೆಳ್ಳಿ ದರ ಮುಂದೆ ಏನಾಗುತ್ತದೆ ಎಂದು ಕೇಳಿದ ಆರು ಮಂದಿಗೆ ಉತ್ತರವಿಲ್ಲ. ಗೊತ್ತಿದ್ದರೆ ನಾನೇ ಕೊಂಡಿಡುತ್ತಿದ್ದೆ.

ಪ್ರಶ್ನೆ: ನನಗೆ 29 ವರ್ಷ, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ಶನಿವಾರ ತುರಹಳ್ಳಿ, ತಿಂಗಳಿಗೊಮ್ಮೆ ರಾಮನಗರ, ವರ್ಷಕ್ಕೊಮ್ಮೆ ಹಂಪಿಯಲ್ಲಿ ಕ್ಲೈಂಬಿಂಗ್. ಎರಡು ವರ್ಷದಿಂದ ಬೆಳ್ಳಿ ಒಡವೆ ಮಾಡಲು ಕಲಿತಿದ್ದೇನೆ. ಕೆಲಸ ಬಿಟ್ಟು ಇವೆರಡರಲ್ಲೇ ಬದುಕಬೇಕೆಂದಿದೆ. ವಾರದಲ್ಲಿ ಎಷ್ಟು ಗಂಟೆ ಕಲ್ಲಿಗೆ, ಎಷ್ಟು ಗಂಟೆ ಬೆಳ್ಳಿಗೆ ಕೊಡುತ್ತೀರಿ? ಒಂದೇ ಕೋಣೆಯ ಮನೆಯಲ್ಲಿ ಬೆಳ್ಳಿ ಕಾಯಿಸುವ ಒಲೆ ಇಟ್ಟುಕೊಳ್ಳಬಹುದೇ?

ತಂಗಿ, ನನ್ನ ಹತ್ತಿರ ಗಂಟೆಯ ಲೆಕ್ಕ ಇಲ್ಲ, ಪಂಚಾಂಗ ಇದೆ. ಕೆಲಸದ ಮಣೆಯ ಎದುರು ಗೋಡೆಗೆ ಕ್ಯಾಲೆಂಡರ್ ತೂಗುಹಾಕಿದ್ದೇನೆ. ಮದುವೆ ಮುಹೂರ್ತಗಳಿಗೆ ಕೆಂಪು ಗೆರೆ, ಕಲ್ಲಿಗೆ ನೀಲಿ ಗೆರೆ.

ನಮ್ಮ ಕಡೆ ಹತ್ತಲು ಒಳ್ಳೆಯ ಕಾಲ ನವೆಂಬರ್‌ನಿಂದ ಫೆಬ್ರವರಿ. ಗಾಳಿ ಒಣಗಿರುತ್ತದೆ, ಕೈ ಬೆವರುವುದಿಲ್ಲ, ಬೆರಳು ಕಲ್ಲಿಗೆ ಕಚ್ಚಿಕೊಳ್ಳುತ್ತದೆ. ಫಜೀತಿ ಏನೆಂದರೆ ಒಡವೆಗೂ ಅದೇ ಕಾಲ. ತುಳಸಿ ಲಗ್ನ ಆಗುವುದೇ ತಡ, ಕಾಲುಂಗುರ, ಗೆಜ್ಜೆ, ಕೂಸಿಗೆ ಕಡಗ, ಇಷ್ಟಲಿಂಗ ಇಡಲು ಬೆಳ್ಳಿಯ ಕರಡಗಿ ಅಂತ ಜನ ಬಂದು ಕಟ್ಟೆಯ ಮೇಲೆ ಕೂತುಬಿಡುತ್ತಾರೆ. ಮೊದಲ ಮೂರು ನಾಲ್ಕು ವರ್ಷ ನಾನು ಎರಡೂ ಕಡೆ ಬೈಸಿಕೊಂಡೆ. ಹಗ್ಗ ಹಿಡಿಯುವ ಗೆಳತಿ ಕೆಳಗೆ ಕಾಯುತ್ತಿದ್ದಳು, ಬೀಗರ ಮನೆಯವರು ಕಟ್ಟೆಯ ಮೇಲೆ ಕಾಯುತ್ತಿದ್ದರು.

ಆಮೇಲೆ ಕಣ್ಣಿಗೆ ಬಿದ್ದದ್ದು ಧನುರ್ಮಾಸ. ಡಿಸೆಂಬರ್ 16ರ ಸುಮಾರಿಗೆ ಹಿಡಿದರೆ ಸಂಕ್ರಾಂತಿಯವರೆಗೆ ಮದುವೆ ಇಲ್ಲ, ಗೃಹಪ್ರವೇಶ ಇಲ್ಲ. ಸರಾಫ ಬಜಾರ ಆಕಳಿಸುತ್ತಿರುತ್ತದೆ. ವರ್ಷದಲ್ಲೇ ತಂಪು ತಿಂಗಳು ಅದು. ಹಿರಿಯರು ದೇವರಿಗೆ ಬಿಟ್ಟ ತಿಂಗಳನ್ನು ನಾನು ಕಲ್ಲಿಗೆ ಬಿಟ್ಟೆ. ನಸುಕಿನ ಪೂಜೆಗೆ ಅವ್ವ ಏಳುವ ಹೊತ್ತಿಗೆ ನಾನೂ ಎದ್ದಿರುತ್ತೇನೆ ಅನ್ನುವುದರಿಂದ ಆಕೆಗೆ ಅಷ್ಟೇನೂ ಬೇಸರವಿಲ್ಲ.

ಇದಕ್ಕೂ ಒಂದು ತೊಡಕಿದೆ, ಬನಶಂಕರಿ ಜಾತ್ರೆ. ಜಾತ್ರೆ ನಡೆಯುವ ಬನದ ಹುಣ್ಣಿಮೆ ಒಂದೊಂದು ವರ್ಷ ಒಂದೊಂದು ಕಡೆ ಬೀಳುತ್ತದೆ. 2024ರಲ್ಲಿ ಜನವರಿ 25, 2025ರಲ್ಲಿ ಜನವರಿ 13, 2026ರಲ್ಲಿ ಜನವರಿ 3. ಜಾತ್ರೆಯಲ್ಲಿ ಇಡುವ ಸರಕಿಗೆ ಮೂರು ವಾರ ಬಗ್ಗಿಸಿದ ಕತ್ತು ಎತ್ತುವ ಹಾಗಿಲ್ಲ. 2024ರ ಜಾತ್ರೆಗೆ ಮುಂಚೆ ಧನುರ್ಮಾಸದ ಮೊದಲ ಎರಡೂವರೆ ವಾರ ಪೂರ್ತಿ ಕಲ್ಲಿನ ಮೇಲಿದ್ದೆ. 2026ರ ಜಾತ್ರೆ ಬೇಗ ಬಂದು, ಡಿಸೆಂಬರ್‌ನಲ್ಲಿ ಕೈಗೆ ಸಿಕ್ಕಿದ್ದು ಐದೇ ದಿನ. ಅಳುತ್ತ ಕೂರಲಿಲ್ಲ, ಫೆಬ್ರವರಿಯ ಮೂರು ಆರ್ಡರ್‌ಗಳನ್ನು ಅಣ್ಣನಿಗೆ ದಾಟಿಸಿದೆ. ಅಣ್ಣ ಇದನ್ನು ಓದುತ್ತಾನೆ, ಆದ್ದರಿಂದ ಇಲ್ಲೇ ಧನ್ಯವಾದ ಹೇಳಿಬಿಡುತ್ತೇನೆ.

ಇನ್ನು ಅಮಾವಾಸ್ಯೆ. ನಮ್ಮ ಮನೆಯಲ್ಲಿ ಅಂದು ಒಲೆ ಹಚ್ಚುವುದಿಲ್ಲ, ಸುತ್ತಿಗೆ ಮುಟ್ಟುವುದಿಲ್ಲ. ಹೀಗಾಗಿ ಯಾರನ್ನೂ ಕೇಳದೆ ಸಿಗುವ ರಜೆ ತಿಂಗಳಿಗೊಂದು.

ಮಳೆಗಾಲ ಪೂರ್ತಿ ಬೆಳ್ಳಿಗೆ. ಬಾದಾಮಿಯದು ಮರಳುಗಲ್ಲು. ಒಣಗಿದ್ದಾಗ ಕೈಯನ್ನು ಮುದ್ದಿಸುವ ಕಲ್ಲು ನೆನೆದರೆ ಒಳಗಿಂದ ಸಡಿಲವಾಗುತ್ತದೆ. ಹಿಡಿದ ಅಂಚು ಕೈಗೇ ಬರುತ್ತದೆ. ಬೀಳುವುದು ನೀವೊಬ್ಬರೇ ಅಲ್ಲ, ಆ ಹಿಡಿಕೆಯೂ ಶಾಶ್ವತವಾಗಿ ಹೋಗುತ್ತದೆ. ಮಳೆ ನಿಂತು ಎರಡು ಮೂರು ದಿನ ಚೆನ್ನಾಗಿ ಬಿಸಿಲು ಕಾಣುವವರೆಗೆ ನಾನು ಮುಟ್ಟುವುದಿಲ್ಲ. ನಿಮ್ಮ ತುರಹಳ್ಳಿ, ರಾಮನಗರ, ಹಂಪಿ ಎಲ್ಲ ಗ್ರಾನೈಟ್ ಥರದ ಗಟ್ಟಿ ಕಲ್ಲು. ಮಳೆ ನಿಂತು ಮೇಲ್ಮೈ ಒಣಗಿದರೆ ಅದಕ್ಕೆ ಈ ಭಯವಿಲ್ಲ. ಆದರೆ ಗ್ರಾನೈಟಿನ ಹರಳು ಚರ್ಮ ತಿನ್ನುವುದು ನಿಮಗೇ ಗೊತ್ತು.

ದುಡ್ಡಿನ ಮಾತು. ಕೆಲಸ ಈಗಲೇ ಬಿಡಬೇಡಿ. ಒಂದು ಪೂರ್ತಿ ವರ್ಷ, ದೀಪಾವಳಿಯಿಂದ ದೀಪಾವಳಿಗೆ, ನೌಕರಿ ಇಟ್ಟುಕೊಂಡೇ ಆರ್ಡರ್ ತೆಗೆದುಕೊಂಡು ನೋಡಿ. ಯಾವ ತಿಂಗಳು ಬರಿಗೈ ಎಂಬುದು ತಾನಾಗಿ ತಿಳಿಯುತ್ತದೆ. ಬೆಳ್ಳಿಯ ದುಡ್ಡನ್ನು ಆರ್ಡರ್ ಕೊಟ್ಟ ದಿನದ ದರಕ್ಕೆ ಮುಂಗಡವಾಗಿ ಇಸಿದುಕೊಂಡು ಅವತ್ತೇ ಗಟ್ಟಿ ಖರೀದಿಸಿ. ಮಜೂರಿಯನ್ನು ಒಡವೆ ಕೊಡುವಾಗ ತೆಗೆದುಕೊಳ್ಳಿ. 2021–22ರಲ್ಲಿ ಕಿಲೋಗೆ ಅರವತ್ತು ಎಪ್ಪತ್ತು ಸಾವಿರದಲ್ಲಿದ್ದ ಬೆಳ್ಳಿ ಈಗ ಲಕ್ಷ ದಾಟಿ ಎಲ್ಲಿಗೋ ಹೋಗಿದೆ. ನಡುವೆ ಒಮ್ಮೆ ಪರಿಚಯದವರೆಂದು ನಾಚಿಕೊಂಡು ಮುಂಗಡ ಕೇಳದೆ ನಾಲ್ಕು ಜೋಡಿ ಗೆಜ್ಜೆ ಒಪ್ಪಿಕೊಂಡೆ. ಕೊಡುವ ಹೊತ್ತಿಗೆ ನನ್ನ ಮಜೂರಿಯೆಲ್ಲ ಬೆಳ್ಳಿಯೊಳಗೇ ಕರಗಿತ್ತು.

ಒಂದೇ ಕೋಣೆ ಅಂದಿರಿ. ಒಲೆಗಿಂತ ನನಗೆ ಭಯ ನಿಮ್ಮ ಹಗ್ಗದ್ದು. ಬೆಸುಗೆಯಾದ ಮೇಲೆ ಒಡವೆಯ ಕಪ್ಪು ತೆಗೆಯಲು ಹುಳಿನೀರಿಗೆ ಹಾಕುತ್ತೀರಲ್ಲ, ಕೆಲವರು ಅದಕ್ಕೆ ಗಂಧಕಾಮ್ಲ ಬಳಸುತ್ತಾರೆ. ಹತ್ತುವ ಹಗ್ಗ ನೈಲಾನ್. ಆಮ್ಲ ತಗುಲಿದ ನೈಲಾನ್ ಹೊರಗೆ ಏನೂ ಕಾಣಿಸದೆ ಒಳಗೆ ಸತ್ತಿರುತ್ತದೆ, ಅದರ ಆವಿಯನ್ನೂ ನಂಬುವಂತಿಲ್ಲ. ಹತ್ತುವಾಗ ಸೊಂಟಕ್ಕೆ ಕಟ್ಟುವ ಹಾರ್ನೆಸ್, ಪಟ್ಟಿಗಳಿಗೂ ಇದೇ ಮಾತು. ಆಮ್ಲ ಇರುವ ಕೋಣೆಯಲ್ಲಿ ಹಗ್ಗ ಬೇಡ ಅಂದರೆ ಬೇಡ. ಗೆಳತಿಯ ಮನೆಯಲ್ಲಿಡಿ. ನಾನು ಈಗಲೂ ಅಪ್ಪನ ಹಾಗೆ ಹುಣಸೆಹಣ್ಣು, ಪಟಿಕ ಕುದಿಸಿದ ನೀರನ್ನೇ ಬಳಸುತ್ತೇನೆ. ನಿಧಾನ, ನಿಜ. ಆದರೂ ಹಗ್ಗ ಮಾತ್ರ ಅಟ್ಟದ ಮೇಲೆ, ಟ್ರಂಕಿನಲ್ಲಿ.

ಪ್ರಶ್ನೆ: ಹೋದ ತಿಂಗಳು ನಿಶ್ಚಿತಾರ್ಥವಾಯಿತು. ಕ್ಲೈಂಬಿಂಗ್ ಮಾಡುವಾಗ ಉಂಗುರ ತೆಗೆಯಲೇಬೇಕೇ? ಮದುವೆಯಾದ ಮೇಲೆ ಕಾಲುಂಗುರ ತೆಗೆಯುವಂತಿಲ್ಲ ಎಂದು ಭಾವಿ ಅತ್ತೆಯವರು ಈಗಲೇ ಹೇಳಿದ್ದಾರೆ. (ಶಿವಮೊಗ್ಗ)

ಉಂಗುರ ಮಾಡಿ ಹೊಟ್ಟೆ ಹೊರೆಯುವವಳು ಹೇಳುತ್ತಿದ್ದೇನೆ: ತೆಗೆಯಲೇಬೇಕು. ಇದರಲ್ಲಿ ರಿಯಾಯಿತಿ ಇಲ್ಲ.

ಕಾರಣ ಇದು. ಕಾಲು ಜಾರಿದಾಗ ನಿಮ್ಮ ಪೂರ್ತಿ ಭಾರ ಒಂದು ಕ್ಷಣ ಕೈಯ ಮೇಲೆ ಬರುತ್ತದೆ. ಆ ಕ್ಷಣದಲ್ಲಿ ಉಂಗುರ ಕಲ್ಲಿನ ಮೊನೆಗೋ ಕಲ್ಲಿಗೆ ಹೊಡೆದ ಬೋಲ್ಟಿಗೋ ಸಿಕ್ಕಿದರೆ ಮೈ ಕೆಳಗೆ ಹೋಗುತ್ತದೆ, ಉಂಗುರ ಮೇಲೇ ನಿಲ್ಲುತ್ತದೆ. ಬೆರಳಿನ ಚರ್ಮ, ರಕ್ತನಾಳ, ಕೆಲವೊಮ್ಮೆ ಬೆರಳೇ ಉಂಗುರದ ಜೊತೆ ಉಳಿಯುತ್ತದೆ. ಲಾರಿಯ ಹಿಂಬದಿಯಿಂದ ಜಿಗಿಯುವವರಿಗೂ ಹೀಗೇ ಆಗುತ್ತದೆ. ಹಾಗೆ ಬೆರಳು ಕಳಕೊಂಡವರೊಬ್ಬರು ನನ್ನ ಹತ್ತಿರ ಉಂಗುರ ಸಣ್ಣ ಮಾಡಿಸಲು ಬಂದಿದ್ದರು, ಬೇರೆ ಬೆರಳಿಗೆ. ನಾನು ಅಳತೆ ತೆಗೆದುಕೊಂಡೆ, ಅವರೂ ಸುಮ್ಮನಿದ್ದರು, ನಾನೂ ಸುಮ್ಮನಿದ್ದೆ.

ಕಾಲುಂಗುರದ ವಿಷಯ ಬೇರೆ. ಕ್ಲೈಂಬಿಂಗ್ ಶೂ ಬೆರಳು ಮಡಚುವಷ್ಟು ಬಿಗಿ. ಅದರೊಳಗೆ ಕಾಲುಂಗುರ ಇದ್ದರೆ ಎರಡನೇ ಬೆರಳಿನ ಎಲುಬಿಗೆ ಒತ್ತಿ, ಒಂದು ಗಂಟೆಯಲ್ಲಿ ಕಣ್ಣಲ್ಲಿ ನೀರು. ಅತ್ತೆಯವರ ಜೊತೆ ವಾದಕ್ಕೆ ಇಳಿಯಬೇಡಿ, ಗೆಲ್ಲುವುದಿಲ್ಲ. ನಮ್ಮ ಕಡೆಯ ಕಾಲುಂಗುರಗಳು ಮೊದಲಿನಿಂದಲೂ ಬಾಯಿ ಬಿಟ್ಟ ಸುತ್ತುಗಳೇ, ಬೇಕಾದಷ್ಟು ಹಿಗ್ಗಿಸಿ ತೆಗೆಯಬಹುದು. ತೆಗೆಯಬಾರದೆಂದಿದ್ದರೆ ಪತ್ತಾರ ಯಾಕೆ ಬಾಯಿ ಬಿಡುತ್ತಿದ್ದ? ಈ ಮಾತನ್ನು ನನ್ನ ಹೆಸರಲ್ಲಿ ಹೇಳಿ ನೋಡಿ. ಆದರೆ ಪದೇ ಪದೇ ಹಿಗ್ಗಿಸಿ ಕುಗ್ಗಿಸಿದರೆ ಬೆಳ್ಳಿ ಗಡಸಾಗಿ ಒಂದು ದಿನ ಟಕ್ಕೆಂದು ಮುರಿಯುತ್ತದೆ. ವರ್ಷಕ್ಕೊಮ್ಮೆ ಅಕ್ಕಸಾಲಿಯ ಹತ್ತಿರ ಕಾಯಿಸಿ ಮೆತ್ತಗೆ ಮಾಡಿಸಿ.

ತೆಗೆದದ್ದನ್ನು ಎಲ್ಲಿಡುವುದು? ನನ್ನ ಅಜ್ಜಿಯ ಎಲೆ ಅಡಿಕೆ ಸಂಚಿ ನನ್ನ ಹಾರ್ನೆಸ್‌ಗೆ ಅಲ್ಲ, ಕತ್ತಿಗೂ ಅಲ್ಲ, ಊಟದ ಡಬ್ಬಿಯ ಒಳಗಿರುತ್ತದೆ. ಯಾಕೆಂದರೆ ಬಾದಾಮಿಯ ಮಂಗಗಳಿಗೆ ಸಂಚಿ ಕಂಡರೆ ಸಾಕು. ಮೂರು ಖಾನೆ: ಒಂದರಲ್ಲಿ ಉಂಗುರ, ಒಂದರಲ್ಲಿ ತಾಳಿ, ಒಂದರಲ್ಲಿ ನಿಜವಾಗಲೂ ಅಡಿಕೆ. ಡಬ್ಬಿಯ ಮುಚ್ಚಳ ಒತ್ತಿ ಹಾಕುವಂಥದ್ದಾಗಿರಲಿ.

ಪ್ರಶ್ನೆ: ಹತ್ತಿದ ಮರುದಿನ ನನ್ನ ಕೈ ನಡುಗುತ್ತದೆ. ಗರಗಸದ ಎಳೆ ಮುರಿಯುತ್ತಲೇ ಇರುತ್ತದೆ. ಬೆರಳ ತುದಿ ಸೀಳಿ ಹುಳಿನೀರು ತಾಕಿದರೆ ಪ್ರಾಣ ಹೋಗುತ್ತದೆ. ಒಂದನ್ನು ಬಿಡಬೇಕೇ? (ಹೊಸಪೇಟೆ)

ಹೊಸಪೇಟೆ ಅಂದರೆ ಹಂಪಿಯ ಬಂಡೆ ನಿಮ್ಮ ಹಿತ್ತಲು. ಆದ್ದರಿಂದ ಬಿಡಿ ಅಂದರೂ ನೀವು ಬಿಡುವವರಲ್ಲ.

ಒಂದು ಕಥೆ ಹೇಳುತ್ತೇನೆ. ಗುಳೇದಗುಡ್ಡದ ಅಜ್ಜಿಯೊಬ್ಬಳು ಬಂದಿದ್ದಳು. ಬೆಳ್ಳಿಯ ಬುಗುಡಿ, ಮೇಲೆ ಚಿನ್ನದ ನೀರು ಕೊಟ್ಟದ್ದು. ಜೋಡಿಯಲ್ಲಿ ಒಂದು ಕಳೆದಿತ್ತು, ಉಳಿದದ್ದನ್ನು ನೋಡಿ ಜೊತೆಗೊಂದು ಮಾಡಿಕೊಡು ಅಂದಳು. ನಾನು ಎರಡು ದಿನ ಬೆನ್ನು ಬೆನ್ನಿಗೆ ಟೆಂಪಲ್ ಏರಿಯಾ ಅನ್ನುವ ಗೋಡೆಯ ಮೇಲಿದ್ದು, ಮೂರನೇ ದಿನ ಬೆಳಿಗ್ಗೆ ಆ ಬುಗುಡಿಗೆ ಕೂತೆ. ಸಾಸಿವೆ ಕಾಳಿನಷ್ಟು ಗುಂಡುಗಳು, ಹತ್ತೊಂಬತ್ತು. ಬಿಳಿಗಾರದ ನೀರಿನಲ್ಲಿ ಅದ್ದಿದ ಕುಂಚದ ತುದಿಯಿಂದ ಒಂದೊಂದನ್ನೇ ಎತ್ತಿ ಹೂವಿನ ಆಕಾರಕ್ಕೆ ಕೂರಿಸಿದೆ. ಅದಕ್ಕೇ ಒಂದು ಗಂಟೆ ಹಿಡಿಯಿತು, ಕೈ ಅಲುಗಿ ಮೂರು ಸಲ ಚೆಲ್ಲಿದ್ದವು. ಅಲ್ಲಿಗೇ ನಿಲ್ಲಿಸಬೇಕಿತ್ತು.

ಎಡಗೈಯಲ್ಲಿ ಚಿಮುಟ, ಬಲಗೈಯಲ್ಲಿ ಬೆಂಕಿ. ಬೆಳ್ಳಿ ಮೊದಲು ಮಂಕು ಕೆಂಪಾಗುತ್ತದೆ. ಇನ್ನೂ ಸ್ವಲ್ಪ ಕಾದರೆ ಬೆಸುಗೆ ಹರಿದು ಸಂದಿಯಲ್ಲಿ ಬಿಳಿ ಗೆರೆಯೊಂದು ಓಡುತ್ತದೆ. ಅದು ಓಡಿದ್ದು ಕಂಡ ಕೂಡಲೇ ಬೆಂಕಿ ತೆಗೆಯಬೇಕು. ನನ್ನ ಮುಂಗೈ ಮರಗಟ್ಟಿತ್ತು, ಬೆಂಕಿಯನ್ನು ಸುತ್ತ ಆಡಿಸುವ ಬದಲು ಒಂದೇ ಕಡೆ ನಿಲ್ಲಿಸಿಬಿಟ್ಟೆ. ಮೇಲ್ಮೈ ಪಾದರಸದ ಹಾಗೆ ಫಳ್ಳೆಂದಿತು. ಹತ್ತೊಂಬತ್ತು ಸಾಸಿವೆ ಸೇರಿ ಒಂದು ಬಟಾಣಿ. ಪುಸ್ತಕದ ಪ್ರಕಾರ ಬೆಸುಗೆ ಹರಿಯುವುದು 700 ಡಿಗ್ರಿಯ ಆಚೀಚೆ, 925ರ ಬೆಳ್ಳಿ ಪೂರ್ತಿ ನೀರಾಗುವುದು 893ಕ್ಕೆ. ಕಾಗದದ ಮೇಲೆ ಎಷ್ಟೊಂದು ಅಂತರ! ಸಾಸಿವೆಯಂಥ ಗುಂಡಿಗೆ ಅದು ಅರ್ಧ ಉಸಿರು. ಅಜ್ಜಿಯ ಹಳೆಯ ಬುಗುಡಿ ಪಕ್ಕದ ಬಟ್ಟಲಲ್ಲಿತ್ತು, ಪುಣ್ಯಕ್ಕೆ. ಆ ಬಟಾಣಿಯನ್ನು ನಾನು ಕರಗಿಸಲಿಲ್ಲ, ಮಣೆಯ ಮೂಲೆಯಲ್ಲಿ ಈಗಲೂ ಇದೆ.

ಅಂದಿನಿಂದ ಕೆಲಸವನ್ನು ಬೆರಳಿನ ಸ್ಥಿತಿ ನೋಡಿ ಹಂಚುತ್ತೇನೆ. ಹತ್ತುವ ಮುನ್ನಾ ದಿನ ಸೂಕ್ಷ್ಮದ್ದೆಲ್ಲ ಮುಗಿಸುವುದು: ಗರಗಸ, ಗುಂಡು ಕೂರಿಸುವುದು, ಹರಳು ಕಟ್ಟುವುದು. ಹತ್ತಿದ ಮರುದಿನ ನಡುಗಿದರೂ ಅಡ್ಡಿಯಿಲ್ಲದ ಕೆಲಸ: ಗಟ್ಟಿ ಕರಗಿಸಿ ಅಚ್ಚಿಗೆ ಹೊಯ್ಯುವುದನ್ನು ಅಣ್ಣನಿಗೆ ಬಿಟ್ಟು, ನಾನು ಲೆಕ್ಕ ಬರೆಯುವುದು, ನಕ್ಷೆ ಬಿಡಿಸುವುದು, ಗಿರಾಕಿಗಳಿಗೆ ಫೋನು. ಕಂಬಿ ಎಳೆಯುವುದು ಮಾತ್ರ ಆ ದಿನ ಬೇಡ. ಕಂಬಚ್ಚಿನ ತೂತಿನಿಂದ ಕಂಬಿಯನ್ನು ಇಕ್ಕಳದಲ್ಲಿ ಜಗ್ಗುವುದೆಂದರೆ ಮತ್ತೊಂದು ಗೋಡೆ ಹತ್ತಿದ ಹಾಗೆಯೇ, ಅವೇ ಸ್ನಾಯುಗಳು. ಬೆಂಕಿಯ ಕೆಲಸ ಎರಡನೇ ದಿನಕ್ಕೆ. ಒಪ್ಪ ಹಾಕುವುದು ಚರ್ಮ ತಿನ್ನುತ್ತದೆ, ಆದ್ದರಿಂದ ಮುಂದಿನ ಹತ್ತುವ ದಿನಕ್ಕೆ ಆದಷ್ಟು ದೂರ ಇಡಿ.

ಚರ್ಮಕ್ಕೆ ನನ್ನ ಮದ್ದು ಒಂದು ಡಬ್ಬಿ ಜೇನುಮೇಣ. ಗರಗಸದ ಎಳೆ ಸರಾಗವಾಗಿ ಓಡಲಿ ಎಂದು ಪತ್ತಾರರು ಅದನ್ನೇ ಸವರುತ್ತಾರೆ. ಕ್ಲೈಂಬರ್‌ಗಳು ದುಡ್ಡು ಕೊಟ್ಟು ಕೊಳ್ಳುವ ಕೈಯ ಮುಲಾಮಿನಲ್ಲಿ ಇರುವುದೂ ಬಹುಮಟ್ಟಿಗೆ ಅದೇ. ಕೊಬ್ಬರಿ ಎಣ್ಣೆಯಲ್ಲಿ ಕರಗಿಸಿ ರಾತ್ರಿ ಹಚ್ಚುತ್ತೇನೆ. ದಡ್ಡುಗಟ್ಟಿದ ಚರ್ಮ ಎದ್ದು ನಿಂತರೆ ಕಲ್ಲಿಗೆ ಸಿಕ್ಕಿ ಹರಿಯುತ್ತದೆ, ಆದ್ದರಿಂದ ಬೆಳ್ಳಿಗೆ ಬಳಸುವ 400ರ ಎಮರಿ ಕಾಗದದಿಂದಲೇ ಅದನ್ನು ಸಮ ಮಾಡಿಕೊಳ್ಳುತ್ತೇನೆ. ಸೀಳು ಬಿಟ್ಟಾಗ ಹುಳಿನೀರಿಗೆ ಬೆರಳು ಅದ್ದುವುದೇಕೆ? ತಾಮ್ರದ ಚಿಮುಟ ಇಟ್ಟುಕೊಳ್ಳಿ. ಕಬ್ಬಿಣದ್ದು ಅದ್ದಿದರೆ ಬೆಳ್ಳಿಯ ಮೇಲೆ ತಾಮ್ರದ ಕೆಂಪು ಕೂರುತ್ತದೆ.

ನಡುಕ ಬೇರೆ, ನೋವು ಬೇರೆ. ಬೆರಳಿನ ಬುಡದಲ್ಲಿ ಒತ್ತಿದರೆ ನೋವಿದೆ, ಹತ್ತುವಾಗ ಪಟ್ ಎಂಬ ಸದ್ದು ಕೇಳಿತ್ತು ಎಂದರೆ ಅದು ಸ್ನಾಯುರಜ್ಜುವನ್ನು ಎಲುಬಿಗೆ ಹಿಡಿದಿಡುವ ಪಟ್ಟಿ ಹರಿದಿರಬಹುದು. ಅದಕ್ಕೆ ಜೇನುಮೇಣವಲ್ಲ, ಮೂಳೆ ವೈದ್ಯರು.

ಪ್ರಶ್ನೆ: ನೀವು ಚಿತ್ರದುರ್ಗದ ಕೋತಿರಾಜನ ಹಾಗೆ ಹಗ್ಗವಿಲ್ಲದೆ ಹತ್ತುತ್ತೀರಾ? (ಹಿರಿಯೂರು)

ಇಲ್ಲ. ಜ್ಯೋತಿರಾಜ್ ಅವರು ಬರಿಗೈಯಲ್ಲಿ ದುರ್ಗದ ಕೋಟೆ ಗೋಡೆ ಹತ್ತುವುದನ್ನು ನೋಡಿ ನಾನೂ ಬಾಯಿ ತೆರೆದು ನಿಂತವಳೇ. ನನಗೆ ಹಗ್ಗ ಬೇಕು, ಕೆಳಗೆ ಹಗ್ಗ ಹಿಡಿಯುವವಳು ಬೇಕು, ಆಕೆ ಬೆಳಿಗ್ಗೆ ತಿಂಡಿ ತಿಂದಿರಬೇಕು.

ಪ್ರಶ್ನೆ: ಹಳೆಯ ಕ್ಯಾರಬಿನರ್‌ಗೆ (ಹಗ್ಗ ಸಿಕ್ಕಿಸುವ, ಬಾಗಿಲಿರುವ ಕೊಂಡಿ) ಬೆಳ್ಳಿಯ ಹೂ ಬೆಸೆದು ಪದಕ ಮಾಡಬೇಕೆಂದಿದ್ದೇನೆ. ಬೆಸುಗೆ ಹಿಡಿಯುತ್ತಿಲ್ಲ. ಬಾದಾಮಿ ಕಲ್ಲಿನ ಚೂರನ್ನು ಹರಳಿನಂತೆ ಕೂರಿಸಬಹುದೇ? (ಮೈಸೂರು)

ಬೆಸುಗೆ ಹಿಡಿಯದಿದ್ದದ್ದು ನಿಮ್ಮ ಪುಣ್ಯ. ಇಂಥ ಕ್ಯಾರಬಿನರ್‌ಗಳು ಸಾಮಾನ್ಯವಾಗಿ ಅಲ್ಯೂಮಿನಿಯಂ ಮಿಶ್ರಲೋಹ. ಅಲ್ಯೂಮಿನಿಯಂ 660 ಡಿಗ್ರಿಗೇ ಕರಗುತ್ತದೆ, ಮಿಶ್ರಲೋಹ ಅದಕ್ಕೂ ಮೊದಲು. ಬೆಳ್ಳಿಯ ಬೆಸುಗೆ ಹರಿಯುವ ಹೊತ್ತಿಗೆ ನಿಮ್ಮ ಕ್ಯಾರಬಿನರ್ ಕೆಳಗೆ ಹರಿದಿರುತ್ತದೆ. ಹೂವನ್ನು ಸಣ್ಣ ಮೊಳೆಯಿಂದ ರಿವೆಟ್ ಮಾಡಿ ಅಥವಾ ಕೊಂಡಿ ಹಾಕಿ ತೂಗುಬಿಡಿ. ಇನ್ನೊಂದು, ಬೆಂಕಿಗೆ ಒಮ್ಮೆ ತೋರಿಸಿದ ಕ್ಯಾರಬಿನರ್ ಕರಗದಿದ್ದರೂ ಅದರ ಗಟ್ಟಿತನ ಹೋಗಿರುತ್ತದೆ. ಅದರ ಮೈಮೇಲೆ 20 ಕಿಲೋನ್ಯೂಟನ್, ಅಂದರೆ ಸುಮಾರು ಎರಡು ಟನ್ ಭಾರ ತಡೆಯುತ್ತದೆ ಎಂದು ಕೆತ್ತಿರುತ್ತದಲ್ಲ, ಆ ಮಾತು ಆಮೇಲೆ ಸುಳ್ಳು. ಯಾರೂ ಮರೆತು ಹತ್ತಲು ಬಳಸದಂತೆ ಅದರ ಬಾಗಿಲನ್ನು ಮುರಿದುಬಿಡಿ.

ಕಲ್ಲಿನ ಚೂರು ಬೇಡ. ಗುಹಾಲಯಗಳಿರುವ ಬೆಟ್ಟದಿಂದ ಚೂರು ಕೀಳುವುದು ಕಾನೂನಿಗೂ ವಿರುದ್ಧ, ಬುದ್ಧಿಗೂ ವಿರುದ್ಧ. ಕ್ರಿ.ಶ. 578ರ ಶಾಸನ ಬಾದಾಮಿಯ ಮೂರನೇ ಗುಹೆಯಲ್ಲಿ ಇನ್ನೂ ಓದುವಂತಿದೆ, ನಾವು ನಮ್ಮ ಪಾಲಿನ ಚೂರು ತೆಗೆಯದೆ ಇರೋಣ. ಅಲ್ಲದೆ ಮರಳುಗಲ್ಲು ಹರಳಲ್ಲ, ಸುತ್ತಲಿನ ಬೆಳ್ಳಿಯ ಅಂಚನ್ನು ಅದಕ್ಕೆ ಒತ್ತಿದರೆ ಉದುರುತ್ತದೆ. ನೆನಪಿಗೆ ಏನಾದರೂ ಬೇಕೇಬೇಕು ಅಂದರೆ ನಿಮ್ಮದೇ ನಿವೃತ್ತ ಹಗ್ಗದ ತುಂಡು ತನ್ನಿ. ಎರಡು ಕಡೆ ಬೆಳ್ಳಿಯ ಟೊಪ್ಪಿ ಹಾಕಿದರೆ ಕೈಗೆ ಚಂದದ ಕಡಗ. ಟೊಪ್ಪಿಯ ಬೆಂಕಿ ಕೆಲಸವೆಲ್ಲ ಮುಗಿಸಿದ ಮೇಲೆ ಹಗ್ಗ ತೂರಿಸಿ, ಮೊದಲೇ ಅಲ್ಲ. ಮೊದಲ ಸಲ ನಾನೇ ತೂರಿಸಿ ಬೆಸೆಯಲು ಹೋಗಿ ಮನೆಯೆಲ್ಲ ಸುಟ್ಟ ನೈಲಾನ್ ವಾಸನೆ, ಅವ್ವ ಮಧ್ಯಾಹ್ನದ ಊಟ ಹೊರಗೆ ಕಟ್ಟೆಯ ಮೇಲೆ ಬಡಿಸಿದಳು.

ಪ್ರಶ್ನೆ: ಬೆಟ್ಟಕ್ಕೆ ಹಾಕಿಕೊಂಡು ಹೋದ ಬೆಳ್ಳಿ ಸರ ಕಪ್ಪಾಗಿದೆ. ಚಾಕ್ ಪುಡಿಯಿಂದಲೋ? ಬೆಳ್ಳಿಯೇ ನಕಲಿಯೋ? (ದಾವಣಗೆರೆ)

ಎರಡೂ ಅಲ್ಲ. ಗಾಳಿಯಲ್ಲಿ, ಬೆವರಿನಲ್ಲಿ ಇರುವ ಗಂಧಕ ಬೆಳ್ಳಿಗೆ ಕೂಡಿ ಕಪ್ಪಾಗುತ್ತದೆ. 925 ಅಂದರೆ ಸಾವಿರಕ್ಕೆ 925 ಪಾಲು ಬೆಳ್ಳಿ, ಉಳಿದದ್ದು ಹೆಚ್ಚಾಗಿ ತಾಮ್ರ, ಅದರಿಂದ ಇನ್ನಷ್ಟು ಬೇಗ. ಬೆವರು ಹೀರಲೆಂದು ಹತ್ತುವವರು ಕೈಗೆ ಹಚ್ಚುವ ಚಾಕ್ ಶಾಲೆಯ ಬಳಪ ಅಲ್ಲ, ಮೆಗ್ನೀಸಿಯಂ ಕಾರ್ಬೊನೇಟ್. ಅದು ಕಪ್ಪು ಮಾಡುವುದಿಲ್ಲ, ಆದರೆ ಸರದ ಕೊಂಡಿಗಳ ಸಂದಿಗೆ ಹೋಗಿ ಬೆವರಿನ ಜೊತೆ ಗಾರೆ ಕಟ್ಟುತ್ತದೆ. ಅಂಟುವಾಳದ ನೀರಿನಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್ ಹಾಕಿ ತೊಳೆಯಿರಿ. ಜಾಸ್ತಿ ಕಪ್ಪಿದ್ದರೆ ಪಾತ್ರೆಗೆ ಅಲ್ಯೂಮಿನಿಯಂ ಹಾಳೆ ಹಾಸಿ, ಬಿಸಿನೀರು, ಅಡುಗೆ ಸೋಡಾ ಹಾಕಿ ಸರ ಹಾಳೆಗೆ ತಾಕುವಂತೆ ಐದು ನಿಮಿಷ ಬಿಡಿ, ಗಂಧಕ ಅಲ್ಯೂಮಿನಿಯಂ ಕಡೆಗೆ ಹೋಗುತ್ತದೆ. ಮುತ್ತು, ಹವಳ ಇದ್ದರೆ ಈ ಸ್ನಾನ ಬೇಡ. ಬೇಕೆಂದೇ ಕಪ್ಪು ಹಿಡಿಸಿದ ಕುಸುರಿಗೂ ಬೇಡ, ಪತ್ತಾರನ ಅರ್ಧ ದಿನದ ಕೆಲಸ ತೊಳೆದುಹೋಗುತ್ತದೆ. ನಮ್ಮವ್ವ ದೇವರ ಬೆಳ್ಳಿ ಸಾಮಾನನ್ನು ವಿಭೂತಿಯಿಂದ ತಿಕ್ಕುತ್ತಾಳೆ. ಒಮ್ಮೆ ವಿಭೂತಿ ಮುಗಿದು ನನ್ನ ಚಾಕ್ ಚೀಲಕ್ಕೇ ಕೈ ಹಾಕಿದಳು. ಒಪ್ಪ ಚೆನ್ನಾಗಿಯೇ ಬಂತು, ನನಗೆ ಬೈಯಲು ಆಗಲಿಲ್ಲ.

ಪ್ರಶ್ನೆ: ಮಗಳಿಗೆ 14. ವಾರಕ್ಕೆ ಐದು ದಿನ ಕೃತಕ ಗೋಡೆ ಹತ್ತುತ್ತಾಳೆ, ಮನೆಯ ಬಾಗಿಲ ಮೇಲೆ ಹಲಗೆ ಹಾಕಿಸಿ ಬೆರಳಲ್ಲೇ ಜೋತಾಡುತ್ತಾಳೆ. ಅವಳ ತಾತ ಅಕ್ಕಸಾಲಿ, ಕೆಲಸ ಕಲಿಸಬೇಕೆಂದಿದ್ದಾರೆ. ಕೈ ಒರಟಾದರೆ ಕುಸುರಿ ಆಗುತ್ತದೆಯೇ? (ಹುಬ್ಬಳ್ಳಿ)

ಒರಟಾಗಲಿ ಬಿಡಿ ಅಕ್ಕಾ. ನಮ್ಮಪ್ಪನ ಹೆಬ್ಬೆರಳು ಆಮೆಯ ಚಿಪ್ಪಿನ ಹಾಗಿತ್ತು, ಅದೇ ಹೆಬ್ಬೆರಳಲ್ಲಿ ಮೂಗುಬೊಟ್ಟಿನ ತಿರುಪು ತಿರುಗಿಸುತ್ತಿದ್ದರು. ಸೂಕ್ಷ್ಮ ಇರುವುದು ಚರ್ಮದ ಮೆದುತನದಲ್ಲಿ ಅಲ್ಲ.

ನನಗೆ ಚಿಂತೆಯಾದದ್ದು ಆ ಹಲಗೆ. ಹದಿಮೂರರಿಂದ ಹದಿನಾರರ ವಯಸ್ಸಿನಲ್ಲಿ ಬೆರಳಿನ ಎಲುಬು ಇನ್ನೂ ಬೆಳೆಯುತ್ತಿರುತ್ತದೆ. ಬೆಳೆಯುವ ಜಾಗ ಮೃದು. ಬೆರಳ ತುದಿ ಮಡಚಿ ಪದೇ ಪದೇ ಜೋತುಬಿದ್ದರೆ ಅಲ್ಲೇ ಸೀಳು ಬಿಡುತ್ತದೆ, ಬೆರಳು ಸೊಟ್ಟಗಾಗಿ ಉಳಿಯಲೂಬಹುದು. ಹಲಗೆ ಬಿಚ್ಚಿಸಿ. ಹತ್ತುವುದನ್ನು ಬಿಡಿಸಬೇಡಿ, ಐದು ದಿನವನ್ನು ಮೂರು ಮಾಡಿ. ಬೆರಳಿನ ನಡುಗೆಣ್ಣು ಊದಿ ನೋಯುತ್ತಿದ್ದರೆ ನಾಳೆಯೇ ವೈದ್ಯರಿಗೆ ತೋರಿಸಿ, ಆಟದಲ್ಲಿ ಸಾಮಾನ್ಯ ಎನ್ನುವವರ ಮಾತು ಕೇಳಬೇಡಿ. ಉಳಿದ ಎರಡು ದಿನ ತಾತನ ಮಗ್ಗುಲಲ್ಲಿ ಕೂರಲಿ. ಮೊದಲ ಆರು ತಿಂಗಳು ನನಗೆ ಸಿಕ್ಕಿದ್ದು ಅರದ ಪುಡಿ ಗುಡಿಸಿ ಡಬ್ಬಿಗೆ ತುಂಬುವ ಕೆಲಸ ಮಾತ್ರ. ಅವಳಿಗೂ ಅದೇ ಸಿಗಬಹುದು, ಸಿಟ್ಟಾಗಬಹುದು, ಆಗಲಿ.

ಪ್ರಶ್ನೆ: ನಾನೂ ಪತ್ತಾರ, 71 ವರ್ಷ, ಒಲೆ ಮುಚ್ಚಿ ಆರು ವರ್ಷವಾಯಿತು. ಮಕ್ಕಳು ಯಾರೂ ಹಿಡಿಯಲಿಲ್ಲ. ನಿಮ್ಮ ಪರಿಚಯ ಓದಿ ಸಂತೋಷವಾಯಿತು, ಸಂಕಟವೂ ಆಯಿತು. ಕರಡಗಿ ಮಾಡಬಲ್ಲ ಕೈಯನ್ನು ಕಲ್ಲಿಗೆ ಯಾಕೆ ಒಡ್ಡುತ್ತೀ ತಾಯಿ? ನಿಮ್ಮ ತಂದೆಯವರು ಏನೂ ಅನ್ನಲಿಲ್ಲವೇ? (ಇಳಕಲ್)

ಹಿರಿಯರೇ, ನಮಸ್ಕಾರ. ಅಂದರು. ಹತ್ತು ವರ್ಷ ಅಂದರು.

ಕಾಲೇಜಿನಲ್ಲಿದ್ದಾಗ ಒಂದು ಸಾಹಸ ಶಿಬಿರಕ್ಕೆ ಹೋಗಿ ಈ ಹುಚ್ಚು ಹಿಡಿಸಿಕೊಂಡು ಬಂದೆ. ಮೊಣಕೈ ತರಚಿಕೊಂಡು ಬಂದ ದಿನವೆಲ್ಲ ಅಪ್ಪ ಮಾತು ಬಿಡುತ್ತಿದ್ದರು. ಊಟಕ್ಕೆ ಕೂತಾಗ ನನ್ನ ಮುಖ ನೋಡುತ್ತಿರಲಿಲ್ಲ, ಕೈ ನೋಡುತ್ತಿದ್ದರು. ಕರಡಗಿಯ ಮುಚ್ಚಳ ಕೂರಿಸುವ ಕೆಲಸ ಎಂಥದ್ದು ಎಂದು ನಿಮಗೆ ನಾನು ಹೇಳಬೇಕಿಲ್ಲ. ಎಣ್ಣೆ ಹಾಕದೆ ಜಾರಬೇಕು, ತಿರುಗಿಸಿ ಹಿಡಿದರೆ ಬೀಳಬಾರದು. ಅದನ್ನು ಅಪ್ಪ ನನಗೆ ಕಲಿಸಿದ್ದು ನಾನು ಹತ್ತಲು ಶುರು ಮಾಡಿದ ಎಷ್ಟೋ ವರ್ಷದ ಮೇಲೆ, ಅದೂ ಅಣ್ಣನಿಗೆ ಕಣ್ಣಿನ ತೊಂದರೆ ಆದದ್ದರಿಂದ. ಸಿಟ್ಟು ಇಳಿದಿರಲಿಲ್ಲ, ಗಿರಾಕಿ ಕಾಯುತ್ತಿದ್ದ.

ಒಂದು ಅಮಾವಾಸ್ಯೆ, ಕೆಲಸವಿಲ್ಲದೆ ಬೇಸರವಾಗಿ, ನಾನು ಹತ್ತುವ ಕಡೆ ಬಂದುಬಿಟ್ಟರು. ಕೊಡೆ ಹಿಡಿದು ಕೆಳಗೆ ಬಂಡೆಯ ಮೇಲೆ ಕೂತರು. ನಾನು ಮೇಲೆ, ಕಾಲು ನಡುಗುತ್ತಿತ್ತು, ಕಲ್ಲಿಗಲ್ಲ. ಇಳಿದು ಬಂದಾಗ ಹುಷಾರಾ ಎಂದು ಕೇಳಲಿಲ್ಲ. ನನ್ನ ಸೊಂಟದ ಕ್ಯಾರಬಿನರ್ ಹಿಡಿದು ಕಣ್ಣಿನ ಹತ್ತಿರ ತಂದು ಸುತ್ತ ತಿರುಗಿಸಿ ನೋಡಿದರು.

“ಇದರ ಬೆಸುಗಿ ಎಲ್ಲೈತಿ? ಕಾಣವಲ್ದಲ್ಲ.”

“ಬೆಸುಗಿ ಇಲ್ಲಪ್ಪ. ಒಂದ ಸಳಿ ಬಾಗಿಸಿ ಒತ್ತಿ ಮಾಡಿದ್ದು.”

“ಬೆಸುಗಿ ಇಲ್ದ?” ಬಾಗಿಲನ್ನು ಹೆಬ್ಬೆರಳಿಂದ ಒತ್ತಿದರು, ಬಿಟ್ಟರು. ಟಿಕ್. ಮತ್ತೆ ಒತ್ತಿ ಕಿವಿಯ ಹತ್ತಿರ ಹಿಡಿದು ಬಿಟ್ಟರು. ಟಿಕ್. “ಸ್ಪ್ರಿಂಗ್ ಒಳಗ ಐತಿ. ಇಂಥಾದ್ದೊಂದು ನನಗ ಬೇಕು.”

ಸವೆದುಹೋದದ್ದೊಂದನ್ನು ಕೊಟ್ಟೆ. ಮರುದಿನ ಒಲೆ ಹಚ್ಚುವ ಮೊದಲೇ ಅರದಲ್ಲಿ ಅದರ ಬಾಗಿಲಿನ ಮೊಳೆ ತೆಗೆದು ಒಳಗಿನ ಸ್ಪ್ರಿಂಗ್ ಹೊರಗೆ ಹಾಕಿ ಕೂತಿದ್ದರು. ಎರಡು ವಾರ ಅದೇ ಧ್ಯಾನ. ಆಮೇಲೆ ಕೂಸಿನ ಕಾಲ್ಗೆಜ್ಜೆಗೆ ಒಂದು ಕೊಂಡಿ ಮಾಡಿದರು, ಒತ್ತಿದರೆ ತೆರೆಯುವಂಥದ್ದು, ತಿರುಪಿಲ್ಲದ್ದು. ಮೊದಲ ಎರಡು ನಿಲ್ಲಲಿಲ್ಲ, ಮೂರನೆಯದು ನಿಂತಿತು. ಅವರು ಹೋಗಿ ಮೂರು ವರ್ಷವಾಯಿತು. ಜಾತ್ರೆಯಲ್ಲಿ ಈಗಲೂ ಆ ಕೊಂಡಿಯ ಗೆಜ್ಜೆಯೇ ಮೊದಲು ಖರ್ಚಾಗುವುದು. ಬರುವ ಬನದ ಹುಣ್ಣಿಮೆಗೆ ಬನ್ನಿ, ಕೈಯಲ್ಲಿ ಹಿಡಿದು ನೋಡಿ. ಸ್ಪ್ರಿಂಗ್ ಸ್ವಲ್ಪ ಬಿಗಿಯಾಯಿತು ಅಂತ ನನಗೆ ಅನುಮಾನ, ನಿಮ್ಮಂಥವರೊಬ್ಬರು ಹೇಳಿದರೆ ಸರಿ ಮಾಡುತ್ತೇನೆ.